ಕಡಲ ಬಿರುಗೂದಲ ಹುಳುಗಳಲ್ಲಿ ಹೊಸ ಪ್ರಭೇದವನ್ನು ಗುರುತಿಸಿ ವಿವರಿಸುವ ಬಗೆ: ಬೆಳಗಾವಿಯ ಮೇಜಿನಿಂದ ಒಂದು ಮಾರ್ಗದರ್ಶಿ

ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳ ಕಾಲೇಜುಗಳಿಂದ ಪ್ರಾಣಿಶಾಸ್ತ್ರದ ವಿದ್ಯಾರ್ಥಿಗಳು ಕಾರವಾರಕ್ಕೆ ಅಧ್ಯಯನ ಪ್ರವಾಸ ಹೋಗುವುದು ಹಳೆಯ ರೂಢಿ. ಬರುವಾಗ ಒಂದೆರಡು ಬಾಟಲಿ ಹುಳುಗಳೂ ಜೊತೆಗೆ ಬರುತ್ತವೆ. ಆಮೇಲೆ ಆ ಬಾಟಲಿಗಳು ‘ನೀರೀಸ್, ಕಾರವಾರ’ ಎಂಬ ಚೀಟಿ ಹೊತ್ತು ಪ್ರಯೋಗಾಲಯದ ಕಪಾಟಿನಲ್ಲಿ ವರ್ಷಗಟ್ಟಲೆ ಕೂರುತ್ತವೆ. ಬೆಳಗಾವಿಯ ಕಾಲೇಜೊಂದರಲ್ಲಿ ಪಾಠ ಮಾಡುವ ನಾನು ಇಂಥ ಬಾಟಲಿಗಳನ್ನು ಒಂದೊಂದಾಗಿ ತೆರೆದು ನೋಡಿದಾಗ, ನೀರೀಸ್ ಎಂದು ಬರೆದಿದ್ದ ಹುಳುಗಳಲ್ಲಿ ಹಲವು ಆ ಕುಲದವೇ ಆಗಿರಲಿಲ್ಲ; ಕೆಲವು ಆ ಕುಟುಂಬದವೂ ಆಗಿರಲಿಲ್ಲ. ಕಡಲಿನಿಂದ ದೂರ ಕುಳಿತವರೂ ಈ ಕೆಲಸಕ್ಕೆ ಕೈಹಾಕಬಹುದು ಎಂದು ನನಗೆ ಅನ್ನಿಸಿದ್ದು ಆಗಲೇ. ದಂಡೆಯ ಮೇಲೆ ಕಳೆಯುವುದು ವರ್ಷಕ್ಕೆ ನಾಲ್ಕೈದು ದಿನ. ಉಳಿದದ್ದೆಲ್ಲ ಸೂಕ್ಷ್ಮದರ್ಶಕದ ಮುಂದೆ, ಹಳೆಯ ಬರಹಗಳ ನಡುವೆ ನಡೆಯುವ ಕೆಲಸ.

ಮೊದಲಿಗೆ ಹೆಸರಿನ ಗೊಂದಲವೊಂದನ್ನು ಬಿಡಿಸಿಕೊಳ್ಳೋಣ. ಈ ಗುಂಪಿಗೆ ಪಾಲಿಕೀಟ್ ಎಂಬ ಹೆಸರಿದೆ. ಕನ್ನಡದ ಕಿವಿಗೆ ‘ಕೀಟ’ ಎಂದು ಕೇಳಿಸುವುದರಿಂದ ಪ್ರತಿ ವರ್ಷ ಒಬ್ಬನಾದರೂ ಉತ್ತರಪತ್ರಿಕೆಯಲ್ಲಿ ಇವುಗಳಿಗೆ ಆರು ಕಾಲು ಕೊಟ್ಟಿರುತ್ತಾನೆ. ಆ ಪದದ ಮೂಲ ಗ್ರೀಕ್. ಬಹಳ ಕೂದಲುಳ್ಳದ್ದು ಎಂದು ಅರ್ಥ. ನಮ್ಮ ಹೊಲದ ಎರೆಹುಳುವಿನ ದೂರದ ನೆಂಟರಿವು. ಎರೆಹುಳುವಿನಲ್ಲಿ ಬೆರಳಿಗೆ ತಾಗಿಯೂ ತಾಗದಂತಿರುವ ಕೂದಲು ಇವುಗಳಲ್ಲಿ ಪ್ರತಿ ಖಂಡದ ಎರಡೂ ಪಕ್ಕದಲ್ಲಿ ಕಟ್ಟುಕಟ್ಟಾಗಿ ಹೊರಚಾಚಿರುತ್ತದೆ. ಇದುವರೆಗೆ ಹೆಸರು ಪಡೆದ ಪ್ರಭೇದಗಳು ಹನ್ನೆರಡು ಸಾವಿರದ ಆಸುಪಾಸಿನಲ್ಲಿವೆ, ಹೆಸರಿಲ್ಲದವು ಇನ್ನೂ ಬಹಳ ಇವೆ. ಹಾಗೆಂದು ನಿಮ್ಮ ಬಾಟಲಿಯಲ್ಲಿರುವುದು ಹೊಸದೇ ಎಂದಾಗುವುದಿಲ್ಲ. ಈಗಾಗಲೇ ಹೆಸರಿರುವ ಯಾವ ಪ್ರಭೇದವೂ ಇದಲ್ಲ ಎಂದು ತೋರಿಸುವ ಹೊಣೆ ನಿಮ್ಮ ಮೇಲಿರುತ್ತದೆ, ಮತ್ತು ಈ ಮಾರ್ಗದರ್ಶಿಯ ಬಹುಭಾಗ ಆ ಹೊಣೆಯನ್ನು ಹೊರುವ ಬಗೆಯನ್ನೇ ಕುರಿತದ್ದಾಗಿದೆ.

ಹೊರಡುವ ಮುನ್ನ

ಅಮಾವಾಸ್ಯೆ, ಹುಣ್ಣಿಮೆಗಳ ಹಿಂದುಮುಂದಿನ ದಿನಗಳಲ್ಲಿ ಕಡಲಿನ ಇಳಿತ ಹೆಚ್ಚು ಆಳಕ್ಕೆ ಹೋಗುತ್ತದೆ. ಬೇರೆ ದಿನ ನೀರಿನಡಿ ಇರುವ ಕೆಸರು ಮತ್ತು ಬಂಡೆಗಳು ಆಗ ತೆರೆದುಕೊಳ್ಳುತ್ತವೆ. ಆದ್ದರಿಂದ ಮೊದಲು ಗೋಡೆಯ ಕ್ಯಾಲೆಂಡರ್ ನೋಡಿ ವಾರವನ್ನು ಗೊತ್ತು ಮಾಡಿಕೊಳ್ಳಿ, ಆಮೇಲೆ ಭಾರತೀಯ ಸರ್ವೇಕ್ಷಣಾ ಇಲಾಖೆ ಪ್ರಕಟಿಸುವ ಉಬ್ಬರವಿಳಿತದ ಕೋಷ್ಟಕದಲ್ಲಿ ಗಂಟೆಯನ್ನು ನೋಡಿ. ಮಳೆಗಾಲದಲ್ಲಿ ಕಾಳಿ ನದಿಯ ಸಿಹಿನೀರು ಅಳಿವೆಯನ್ನು ತುಂಬಿಕೊಂಡು ಉಪ್ಪಿನಂಶವನ್ನು ಇಳಿಸಿಬಿಡುತ್ತದೆ, ದಂಡೆಯೂ ಅಪಾಯಕಾರಿ. ನವೆಂಬರಿನಿಂದ ಫೆಬ್ರವರಿವರೆಗಿನ ಕಾಲ ಹೊಸಬರಿಗೆ ಅನುಕೂಲ. ಕಾಂಡ್ಲಾ ಕಾಡು ಅರಣ್ಯ ಇಲಾಖೆಗೆ ಸೇರಿದ ಕಡೆ ಮುಂಚಿತವಾಗಿ ಬರವಣಿಗೆಯಲ್ಲಿ ಅನುಮತಿ ಪಡೆಯಿರಿ. ಕಾರವಾರದ ದಕ್ಷಿಣಕ್ಕಿರುವ ನೌಕಾನೆಲೆಯ ವ್ಯಾಪ್ತಿಯೊಳಗೆ ಕಾಲಿಡಬೇಡಿ. ಜೀವಂತ ಹವಳವನ್ನು ಕಾನೂನು ರಕ್ಷಿಸುತ್ತದೆ. ಹುಳು ಒಳಗಿದೆ ಎಂಬ ಕಾರಣಕ್ಕೆ ಅದನ್ನು ಒಡೆಯುವಂತಿಲ್ಲ. ಕಾರವಾರದ ಕೋಡಿಬಾಗದಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಕಡಲ ಜೀವಶಾಸ್ತ್ರ ವಿಭಾಗವಿದೆ. ಅಲ್ಲಿಯವರಿಗೆ ಮೊದಲೇ ಪತ್ರ ಬರೆದು ಹೋದರೆ ಸ್ಥಳದ ತಿಳಿವಳಿಕೆಯೂ ದೊರೆಯುತ್ತದೆ, ಒಂದು ಮೇಜೂ ದೊರೆಯಬಹುದು.

ಫಾರ್ಮಾಲಿನ್ ಮತ್ತು ಆಲ್ಕೋಹಾಲನ್ನು ಬಸ್ಸಿನಲ್ಲಿ ಒಯ್ಯಬಾರದು. ಕಾಲೇಜಿಗೆ ಆಲ್ಕೋಹಾಲ್ ತರಿಸಲು ಅಬಕಾರಿ ಪರವಾನಗಿ ಬೇಕಾಗುವುದರಿಂದ ಆ ಕಾಗದಪತ್ರವನ್ನು ಪ್ರವಾಸಕ್ಕೆ ಎರಡು ಮೂರು ತಿಂಗಳು ಮೊದಲೇ ಶುರು ಮಾಡುವುದು ಒಳ್ಳೆಯದು.

ದಂಡೆಯಲ್ಲಿ

ಬೇಕಾಗುವ ಸಾಮಾನು ಕಡಿಮೆ: ಗುದ್ದಲಿ, ಬಕೆಟ್, ಬಿಳಿ ತಟ್ಟೆಗಳು, ಮೃದುವಾದ ಚಿಮುಟ, ಚಿತ್ರ ಬರೆಯುವ ಸಣ್ಣ ಕುಂಚ ಮತ್ತು 0.5 ಮಿಲಿಮೀಟರ್ ಕಣ್ಣಿನ ಜರಡಿ. ಜರಡಿ ಸಿಗದಿದ್ದರೆ ರೊಟ್ಟಿ ಹಿಟ್ಟಿನ ಸಾಣಿಗೆಯಲ್ಲಿ ಕೈ ಪಳಗಿಸಿಕೊಳ್ಳಬಹುದು, ಆದರೆ ಸಣ್ಣ ಹುಳುಗಳು ಅದರಿಂದ ಇಳಿದುಹೋಗುತ್ತವೆ. ಅಳಿವೆಯ ಕೆಸರು ಹೆಚ್ಚು ಕಡಿಮೆ ನಮ್ಮ ಕಡೆಯ ಎರೆಮಣ್ಣಿನಂತೆಯೇ ಕೈಗೆ ಅಂಟುತ್ತದೆ. ಅದನ್ನು ಜರಡಿಯ ಮೇಲೆ ತಿಕ್ಕಬಾರದು, ಕಡಲ ನೀರಿನ ಬಕೆಟ್ಟಿನಲ್ಲಿ ಜರಡಿಯನ್ನು ಮುಳುಗಿಸಿ ಮೆಲ್ಲಗೆ ಅಲ್ಲಾಡಿಸಬೇಕು. ತಿಕ್ಕಿದರೆ ಹುಳು ಮೂರು ತುಂಡಾಗುತ್ತದೆ, ಮತ್ತು ಬಾಲವಿಲ್ಲದ ಹುಳುವಿನ ವಿವರಣೆ ಕೊನೆಯವರೆಗೂ ಅರೆಬರೆಯಾಗಿಯೇ ಉಳಿಯುತ್ತದೆ.

ಸಿಂಪಿಯ ಗೊಂಚಲು, ಕಡಲಕಳೆಯ ಬುಡ, ಸತ್ತ ಚಿಪ್ಪು ಇವುಗಳನ್ನು ಕಡಲ ನೀರಿನ ತಟ್ಟೆಯಲ್ಲಿಟ್ಟು ನೆರಳಿನಲ್ಲಿ ಕೆಲವು ತಾಸು ಬಿಡಿ. ನೀರಿನಲ್ಲಿ ಆಮ್ಲಜನಕ ಕಡಿಮೆಯಾದಂತೆ ಒಳಗಿರುವ ಹುಳುಗಳು ತಾವಾಗಿಯೇ ಹೊರಗೆ ಬರುತ್ತವೆ. ಸುತ್ತಿಗೆಯಿಂದ ಒಡೆದು ತೆಗೆಯುವುದಕ್ಕಿಂತ ಈ ತಾಳ್ಮೆಯ ದಾರಿಯಲ್ಲಿ ಇಡೀ ಹುಳುಗಳು ಹೆಚ್ಚು ಸಿಗುತ್ತವೆ.

ಎರಡು ಎಚ್ಚರಿಕೆಗಳಿವೆ. ಬೆಂಕಿಹುಳು ಎನ್ನಿಸಿಕೊಳ್ಳುವ ಆಂಫಿನೋಮಿಡೇ ಕುಟುಂಬದವುಗಳ ಬಿಳಿಯ ಕೂದಲು ಸುಣ್ಣದಿಂದಾದದ್ದು. ತಾಗಿದರೆ ಚರ್ಮದಲ್ಲಿ ಮುರಿದು ಉರಿ ಹಚ್ಚುತ್ತದೆ. ಗ್ಲಿಸೆರಾ ಕುಲದವು ಉದ್ದನೆಯ ಗಂಟಲನ್ನು ಹೊರಚಾಚಿ ನಾಲ್ಕು ಕೊಕ್ಕೆಗಳಿಂದ ಕಚ್ಚುತ್ತವೆ, ಕಡಿತದಲ್ಲಿ ವಿಷವೂ ಇರುತ್ತದೆ. ಆ ಕೊಕ್ಕೆಗಳಲ್ಲಿ ತಾಮ್ರದ ಖನಿಜವಿದೆ ಎಂಬುದು ನನಗೆ ಇಂದಿಗೂ ಬೆರಗಿನ ಸಂಗತಿ.

ಸಡಿಲಿಸುವುದು, ಕೆಡದಂತೆ ಇಡುವುದು

ಹೊಸಬರು ಇಡೀ ಕೆಲಸವನ್ನು ಕೆಡಿಸಿಕೊಳ್ಳುವ ಜಾಗ ಇದೇ. ಜೀವಂತ ಹುಳುವನ್ನು ನೇರವಾಗಿ ಫಾರ್ಮಾಲಿನ್‌ಗೆ ಹಾಕಿದರೆ ಅದು ಸುರುಳಿಸುತ್ತಿಕೊಂಡು, ಕೂದಲು ಮುರಿದುಕೊಂಡು, ಕೆಲವೊಮ್ಮೆ ತನ್ನ ಬಾಲವನ್ನೇ ಕಳಚಿಕೊಂಡು ಸಾಯುತ್ತದೆ. ಒಂದು ಲೀಟರ್ ಸಿಹಿನೀರಿಗೆ ಸುಮಾರು 75 ಗ್ರಾಂ ಮೆಗ್ನೀಸಿಯಂ ಕ್ಲೋರೈಡ್ ಹರಳು ಕರಗಿಸಿಟ್ಟುಕೊಳ್ಳಿ. ಹುಳುಗಳಿರುವ ಕಡಲ ನೀರಿಗೆ ಇದನ್ನು ಸಮಪಾಲು ಆಗುವವರೆಗೆ ಸ್ವಲ್ಪಸ್ವಲ್ಪವಾಗಿ ಸೇರಿಸಿ. ಕಾಲರ್ಧ ತಾಸಿನಲ್ಲಿ ಹುಳು ಸಡಿಲಾಗುತ್ತದೆ. ಸೂಜಿಯಿಂದ ಮುಟ್ಟಿದರೆ ಮಿಸುಕಾಡಬಾರದು. ಇದಕ್ಕೂ ಮೊದಲು ಜೀವಂತ ಬಣ್ಣದ ಚಿತ್ರ ತೆಗೆದುಕೊಳ್ಳಿ, ಏಕೆಂದರೆ ಆಲ್ಕೋಹಾಲಿಗೆ ಹೋದ ಮೇಲೆ ಹಸಿರು, ಕೆಂಪು ಬಣ್ಣಗಳು ಬಹುಮಟ್ಟಿಗೆ ಉಳಿಯುವುದಿಲ್ಲ.

ವಂಶವಾಹಿಯ ಪರೀಕ್ಷೆಗೆ ಬೇಕಾದ ತುಂಡನ್ನು ಈ ಹಂತದಲ್ಲೇ ಪ್ರತ್ಯೇಕಿಸಬೇಕು. ನಡುಮೈಯ ಒಂದು ಪಕ್ಕದ ಕೆಲವು ಕಾಲುಗಳನ್ನು (ಕೂದಲ ಕಟ್ಟು ಹೊತ್ತ ಚಾಚುಗಳನ್ನು) ಇಲ್ಲವೇ ಬಾಲದ ಕಡೆಯ ಸಣ್ಣ ತುಂಡನ್ನು 95 ಪ್ರತಿಶತ ಆಲ್ಕೋಹಾಲಿನಲ್ಲಿಟ್ಟು ತಣ್ಣಗಿರಿಸಿ. ಫಾರ್ಮಾಲಿನ್ ಕಂಡ ಮಾಂಸದಿಂದ ಡಿಎನ್‌ಎ ತೆಗೆಯುವುದು ಬಹಳ ಕಷ್ಟ. ತುಂಡು ಯಾವ ಹುಳುವಿನದು ಎಂಬ ಸಂಖ್ಯೆ ಎರಡೂ ಸೀಸೆಗಳಲ್ಲಿ ಒಂದೇ ಆಗಿರಬೇಕು. ಉಳಿದ ಮೈಯನ್ನು ಉದ್ದಕ್ಕೆ ಚಾಚಿ, ಒಂದು ಪಾಲು ಫಾರ್ಮಾಲಿನ್‌ಗೆ ಒಂಬತ್ತು ಪಾಲು ಕಡಲ ನೀರು ಬೆರೆಸಿದ ದ್ರಾವಣದಲ್ಲಿ ಒಂದೆರಡು ದಿನ ಇಡಿ. ಆಮೇಲೆ ಸಿಹಿನೀರಿನಲ್ಲಿ ಚೆನ್ನಾಗಿ ತೊಳೆದು 70ರಿಂದ 80 ಪ್ರತಿಶತ ಆಲ್ಕೋಹಾಲಿಗೆ ಬದಲಿಸಿ. ಫಾರ್ಮಾಲಿನ್ ಕಣ್ಣಿಗೂ ಶ್ವಾಸಕ್ಕೂ ಕೆಟ್ಟದ್ದು. ಕೈಗವಸು ತೊಟ್ಟು ಗಾಳಿಯಾಡುವಲ್ಲಿ ಮಾತ್ರ ಬಳಸಿ.

ಚೀಟಿಯನ್ನು ಪೆನ್ಸಿಲ್ಲಿನಿಂದ ಗಟ್ಟಿ ಕಾಗದದ ಮೇಲೆ ಬರೆದು ಸೀಸೆಯ ಒಳಗೇ ಹಾಕಿ. ನನ್ನ ಮೊದಲ ಪ್ರವಾಸದಲ್ಲಿ ಹನ್ನೊಂದು ಸೀಸೆಗಳಿಗೆ ಬಾಲ್‌ಪೆನ್ನಿನಿಂದ ಅಂದವಾಗಿ ಬರೆದ ಚೀಟಿ ಹಾಕಿದ್ದೆ. ಖಾನಾಪುರ ದಾಟುವಷ್ಟರಲ್ಲಿ ಹನ್ನೊಂದು ಸೀಸೆಗಳಲ್ಲೂ ತೆಳುನೀಲಿ ಆಲ್ಕೋಹಾಲ್ ಮತ್ತು ಹನ್ನೊಂದು ಖಾಲಿ ಕಾಗದಗಳು ಉಳಿದಿದ್ದವು. ಅದರಲ್ಲಿ ಇದ್ದ ಒಂದು ಹುಳುವಿನ ಜೊತೆಗಾರನನ್ನು ನಾನು ಮತ್ತೆ ಕಂಡಿಲ್ಲ, ಅದು ಎಲ್ಲಿಯದೆಂದೂ ಹೇಳಲಾರೆ. ಸ್ಥಳ, ಅಕ್ಷಾಂಶ ರೇಖಾಂಶ, ದಿನಾಂಕ, ಮಣ್ಣೋ ಬಂಡೆಯೋ, ದಂಡೆಯ ಯಾವ ಮಟ್ಟ, ಸಂಗ್ರಹಿಸಿದವರು ಯಾರು, ಯಾವ ದ್ರಾವಣದಲ್ಲಿ ಇಟ್ಟದ್ದು ಇಷ್ಟೂ ಚೀಟಿಯಲ್ಲಿರಬೇಕು. ಸ್ಥಳ ಗೊತ್ತಿಲ್ಲದ ಮಾದರಿಯಿಂದ ಹೊಸ ಪ್ರಭೇದ ವಿವರಿಸುವುದು ತಳಪಾಯವಿಲ್ಲದ ಗೋಡೆ ಕಟ್ಟಿದಂತೆ.

ಕುಟುಂಬದವರೆಗೆ ಬರುವುದು

ಮೇಜಿನ ಮೇಲೆ ಮೊದಲ ದಿನ ಪ್ರಭೇದದ ಯೋಚನೆಯನ್ನು ಬದಿಗಿಟ್ಟು ಕುಟುಂಬ ಯಾವುದೆಂದು ಕೇಳಿ. ಹತ್ತರಿಂದ ನಲವತ್ತು ಪಟ್ಟು ದೊಡ್ಡದು ಮಾಡಿ ತೋರಿಸುವ ಸ್ಟೀರಿಯೋ ಸೂಕ್ಷ್ಮದರ್ಶಕ ಇದಕ್ಕೆ ಸಾಕು. ಬೆನ್ನ ಮೇಲೆ ಎರಡು ಸಾಲು ಚಕ್ಕೆಯಂಥ ಶಲ್ಕಗಳಿದ್ದರೆ ಶಲ್ಕಹುಳುಗಳ ಕಡೆಗೆ ಹೋಗಿ. ಆ ಶಲ್ಕಗಳು ಸುಲಭವಾಗಿ ಉದುರುವುದರಿಂದ ಪ್ರತಿಯೊಂದನ್ನೂ ಆಯಾ ಹುಳುವಿನ ಸೀಸೆಯಲ್ಲೇ ಇಡಿ. ತಲೆಯ ಮೇಲೆ ಗರಿಯಂಥ ಕಿರೀಟವಿದ್ದು ಕೊಳವೆ ಕೆಸರಿನದಾಗಿದ್ದರೆ ಸಾಬೆಲ್ಲಿಡೇ, ಸುಣ್ಣದ್ದಾಗಿದ್ದರೆ ಸರ್ಪ್ಯುಲಿಡೇ. ಶಾವಿಗೆಯಂತೆ ಹೆಣೆದುಕೊಂಡ ಎಳೆಗಳಿದ್ದರೆ ಟೆರೆಬೆಲ್ಲಿಡೇ. ತಲೆಯಿಂದ ಎರಡು ಉದ್ದನೆಯ ಮೀಸೆ ಹಿಂದಕ್ಕೆ ಬಾಗಿದ್ದರೆ ಸ್ಪಿಯೋನಿಡೇ. ಚಿಪ್ಪಿನ ಚೂರು ಅಂಟಿಸಿಕೊಂಡ ಕೊಳವೆ, ತಲೆಯ ಎಳೆಗಳ ಬುಡದಲ್ಲಿ ಬಳೆ ತೊಡಿಸಿದಂಥ ಗೆರೆಗಳು, ಸುರುಳಿ ಕಿವಿರು ಇದ್ದರೆ ಡಯೋಪ್ಯಾಟ್ರಾ ಕುಲವಿರುವ ಒನುಫಿಡೇ. ನೋಡಲು ಎರೆಹುಳುವಿನಂತೆಯೇ ಇದ್ದು ತಲೆಯ ಮೇಲೆ ಏನೂ ಇಲ್ಲದಿದ್ದರೆ ಬಹುಶಃ ಕ್ಯಾಪಿಟೆಲ್ಲಿಡೇ. ಈ ಕೊನೆಯ ಬಗೆಯ ಸಾದಾ ಹುಳುಗಳನ್ನು ಮೀಥೈಲ್ ಗ್ರೀನ್ ಬಣ್ಣದಲ್ಲಿ ಅದ್ದಿ ಆಲ್ಕೋಹಾಲಿನಲ್ಲಿ ಜಾಲಿಸಿದರೆ, ಬಣ್ಣ ಮೈಯ ಕೆಲವು ಭಾಗಗಳಲ್ಲಿ ಮಾತ್ರ ನಿಂತು ಪ್ರಭೇದಕ್ಕೆ ತಕ್ಕ ನಕ್ಷೆಯನ್ನು ತೋರಿಸುತ್ತದೆ. ಕೆಲವು ಹೊತ್ತಿನಲ್ಲಿ ಅದು ಮಾಸಿಹೋಗುವುದರಿಂದ ಕೂಡಲೇ ಚಿತ್ರ ತೆಗೆಯಬೇಕು.

ಮೊದಲ ಸಲ ಕೈಹಾಕುವವರು ಒಂದೇ ಕುಟುಂಬವನ್ನು ಆರಿಸಿಕೊಳ್ಳಬೇಕೆಂಬುದು ನನ್ನ ಖಚಿತ ಅಭಿಪ್ರಾಯ. ಎಲ್ಲ ಕುಟುಂಬಗಳನ್ನೂ ಒಟ್ಟಿಗೆ ಹಿಡಿದವರು ಯಾವುದರಲ್ಲೂ ಕಣ್ಣು ಪಳಗಿಸಿಕೊಳ್ಳುವುದಿಲ್ಲ.

ಒಂದು ಹುಳುವನ್ನು ಹತ್ತಿರದಿಂದ

ನೀರೀಸ್ ಇರುವ ನೆರೀಡಿಡೇ ಕುಟುಂಬವನ್ನೇ ತೆಗೆದುಕೊಳ್ಳೋಣ. ತಲೆಯ ಮುಂದೆ ಎರಡು ಸಣ್ಣ ಎಳೆಗಳು, ಅವುಗಳ ಪಕ್ಕ ಪಾಲ್ಪ ಎಂಬ ಎರಡು ಗಿಡ್ಡ ದಪ್ಪ ಸ್ಪರ್ಶಾಂಗಗಳು, ಎರಡು ಜೋಡಿ ಕಣ್ಣುಗಳು, ಹಿಂದೆ ಸಾಮಾನ್ಯವಾಗಿ ನಾಲ್ಕು ಜೋಡಿ ಮೀಸೆಗಳು. ಅವುಗಳಲ್ಲಿ ಅತಿ ಉದ್ದದ್ದನ್ನು ಹಿಂದಕ್ಕೆ ಮಡಚಿದರೆ ಎಷ್ಟನೆಯ ಖಂಡ ಮುಟ್ಟುತ್ತದೆ ಎಂಬುದನ್ನು ಎಣಿಸಿ ಬರೆದುಕೊಳ್ಳಿ. ಎಣಿಕೆಯನ್ನು ಯಾವಾಗಲೂ ಕೂದಲಿರುವ ಮೊದಲ ಖಂಡದಿಂದಲೇ ಶುರು ಮಾಡಬೇಕು. ಒಟ್ಟು ಉದ್ದ, ಕೂದಲ ಖಂಡಗಳ ಸಂಖ್ಯೆ, ಹತ್ತನೆಯ ಖಂಡದಲ್ಲಿ ಕಾಲುಗಳನ್ನು ಬಿಟ್ಟು ಮೈಯ ಅಗಲ ಈ ಮೂರು ಅಳತೆಗಳು ಪ್ರತಿ ಹುಳುವಿಗೂ ಬೇಕು. ಬಾಲ ತುಂಡಾಗಿದ್ದರೆ ಹಾಗೆಂದೇ ಬರೆಯಿರಿ.

ಆಮೇಲೆ ಗಂಟಲು. ಸಡಿಲಾದ ಹುಳುವಿನ ತಲೆಯ ಹಿಂದೆ ಚಿಮುಟದಿಂದ ಮೆಲ್ಲಗೆ ಒತ್ತಿದರೆ ಗಂಟಲು ಕೈಗವಸಿನ ಬೆರಳಿನಂತೆ ಒಳಹೊರಗಾಗಿ ಹೊರಗೆ ಬರುತ್ತದೆ. ಬರದಿದ್ದರೆ ಹೊಟ್ಟೆಯ ಕಡೆಯಿಂದ ಸೀಳಿ ನೋಡಬೇಕು. ತುದಿಯಲ್ಲಿ ಕಂದು ಬಣ್ಣದ ಎರಡು ದವಡೆಗಳಿರುತ್ತವೆ. ಗಂಟಲಿನ ಮೇಲ್ಮೈಯಲ್ಲಿ ಪ್ಯಾರಾಗ್ನಾಥ್ ಎಂಬ ಗಟ್ಟಿ ಕಾಳುಗಳಿದ್ದು, ಅವುಗಳ ಜಾಗವನ್ನು ಎಂಟು ವಲಯಗಳಾಗಿ ಹಂಚಿದ್ದಾರೆ: ದವಡೆಯ ಕಡೆಯ ಉಂಗುರದಲ್ಲಿ 1ರಿಂದ 4, ಬಾಯಿಯ ಕಡೆಯ ಉಂಗುರದಲ್ಲಿ 5ರಿಂದ 8. ಪ್ರತಿ ವಲಯದಲ್ಲಿ ಎಷ್ಟು ಕಾಳು, ಯಾವ ಆಕಾರ, ಯಾವ ಜೋಡಣೆ ಎಂಬುದೇ ಕುಲವನ್ನೂ ಪ್ರಭೇದವನ್ನೂ ಬಿಡಿಸುವ ಮುಖ್ಯ ಸುಳಿವು. ಆರನೆಯ ವಲಯದಲ್ಲಿ ಅಡ್ಡಪಟ್ಟಿಯಂಥ ಕಾಳುಗಳಿದ್ದರೆ ಪೆರಿನೆರೀಸ್. ಕಾಳುಗಳು ಬಾಚಣಿಗೆಯ ಹಲ್ಲಿನಂತೆ ಒತ್ತೊತ್ತಾಗಿ ಸಾಲುಗಟ್ಟಿದ್ದರೆ ಪ್ಲಾಟಿನೆರೀಸ್. ಇಳಕಲ್ ಸೀರೆಯ ಟೋಪ ತೆನೆ ಸೆರಗು ನೋಡಿದ ಕಣ್ಣಿಗೆ ಈ ಸಾಲನ್ನು ಗುರುತಿಸುವುದು ಕಷ್ಟವಾಗಲಾರದು. ಕಾಳುಗಳೇ ಇಲ್ಲದೆ, ಕಾಲಿನ ಮೇಲ್ಭಾಗವೂ ಕುಗ್ಗಿಹೋಗಿದ್ದರೆ ಅಳಿವೆಗಳ ನಮಾಲಿಕಾಸ್ಟಿಸ್ ಕಡೆಗೆ ನೋಡಿ. ನಡುಮೈಯಲ್ಲಿ ಗರಿಯಂಥ ಕಿವಿರುಗಳಿದ್ದರೆ ಡೆಂಡ್ರೋನೆರೀಸ್.

ಮೂರನೆಯದು ಕಾಲುಗಳು, ಅಂದರೆ ಪ್ಯಾರಾಪೋಡಿಯಗಳು. ಮುಂಭಾಗ, ನಡು, ಹಿಂಭಾಗಗಳಿಂದ ಒಂದೊಂದನ್ನು ಬುಡಸಮೇತ ಕತ್ತರಿಸಿ ಗ್ಲಿಸರಿನ್ ಹನಿಯಲ್ಲಿಟ್ಟು ಗಾಜು ಮುಚ್ಚಿ. ಯಾವಾಗಲೂ ಒಂದೇ ಪಕ್ಕದಿಂದ ಕತ್ತರಿಸಿ. ಇನ್ನೊಂದು ಪಕ್ಕ ಮುಂದಿನವರಿಗೆ ಉಳಿಯಬೇಕು. ನಾನೂರು ಪಟ್ಟಿನಲ್ಲಿ ನೋಡಿದಾಗ ಪ್ರತಿ ಕೂದಲೂ ಕಾವಿಗೆ ಜೋಡಿಸಿದ ಅಲಗಿನಂತೆ ಎರಡು ತುಂಡಾಗಿ ಕಾಣುತ್ತದೆ. ಅಲಗು ಉದ್ದವಾಗಿ ಚೂಪಾಗಿದ್ದರೆ ಸ್ಪಿನಿಜರ್, ಕುಡುಗೋಲಿನಂತೆ ಗಿಡ್ಡವಾಗಿ ಬಾಗಿದ್ದರೆ ಫಾಲ್ಸಿಜರ್. ಕೀಲಿನ ಎರಡು ಬದಿಗಳು ಸಮನಾಗಿದ್ದರೆ ಹೋಮೋಗಾಂಫ್, ಒಂದು ಬದಿ ಎತ್ತರವಾಗಿದ್ದರೆ ಹೆಟೆರೋಗಾಂಫ್. ಮೈಯ ಹಿಂಭಾಗದಲ್ಲಿ, ಕಾಲಿನ ಮೇಲ್ಭಾಗದ ಕಟ್ಟಿನಲ್ಲಿ ಹೋಮೋಗಾಂಫ್ ಫಾಲ್ಸಿಜರ್ ಇದೆಯೇ ಇಲ್ಲವೇ ಎಂಬ ಒಂದೇ ಪ್ರಶ್ನೆ ನೀರೀಸ್ ಮತ್ತು ನಿಯಾಂಥೀಸ್ ಕುಲಗಳನ್ನು ಬೇರೆ ಮಾಡುತ್ತದೆ. ಇದನ್ನು ನೋಡದೆ ‘ನೀರೀಸ್’ ಎಂದು ಬರೆದ ಚೀಟಿಗಳೇ ನಮ್ಮ ಕಪಾಟುಗಳಲ್ಲಿ ತುಂಬಿವೆ.

ಕಂಡದ್ದನ್ನು ಕೈಯಿಂದ ಬರೆಯಿರಿ. ಮೊಬೈಲ್ ಕ್ಯಾಮೆರಾವನ್ನು ಮಸೂರಕ್ಕೆ ಹಿಡಿದು ತೆಗೆದ ಚಿತ್ರ ದಾಖಲೆಗೆ ಒಳ್ಳೆಯದೇ, ಆದರೆ ಅದು ಒಂದು ಮಟ್ಟದ ನೋಟವನ್ನು ಮಾತ್ರ ಹಿಡಿಯುತ್ತದೆ. ಬೆರಳಿನಿಂದ ಫೋಕಸ್ ತಿರುಗಿಸುತ್ತ, ಸೂಕ್ಷ್ಮದರ್ಶಕದ ನೋಟವನ್ನು ಕಾಗದದ ಮೇಲೆ ಬಿದ್ದಂತೆ ತೋರಿಸುವ ಕ್ಯಾಮೆರಾ ಲೂಸಿಡಾದ ಮೂಲಕ ಗೆರೆ ಎಳೆಯುವಾಗ, ಅಲಗಿನ ಅಂಚಿನ ಹಲ್ಲುಗಳು ತುದಿಯವರೆಗೆ ಇವೆಯೇ, ಅರ್ಧಕ್ಕೇ ನಿಂತಿವೆಯೇ ಎಂಬುದನ್ನು ನಿರ್ಧರಿಸದೆ ಕೈ ಮುಂದೆ ಸರಿಯುವುದಿಲ್ಲ. ಪ್ರತಿ ಚಿತ್ರಕ್ಕೂ ಅಳತೆಯ ಗೆರೆ ಕಡ್ಡಾಯ.

ಮೋಸಹೋಗುವ ಜಾಗಗಳು

ಕಾಳುಗಳ ಸಂಖ್ಯೆ, ಕಿವಿರು ಶುರುವಾಗುವ ಖಂಡ ಮುಂತಾದವು ಹಲವು ಹುಳುಗಳಲ್ಲಿ ಬೆಳೆದಂತೆ ಬದಲಾಗುತ್ತವೆ. ಮರಿಯನ್ನು ನೋಡಿ ಹೊಸದೆಂದರೆ ತಪ್ಪಾದೀತು. ಕಳೆದುಕೊಂಡ ಬಾಲವೋ ತಲೆಯೋ ಮತ್ತೆ ಬೆಳೆಯುತ್ತಿದ್ದರೆ ಆ ಭಾಗ ಸಣ್ಣದಾಗಿ, ವಿಚಿತ್ರವಾಗಿ ಕಾಣುತ್ತದೆ. ಇನ್ನೂ ದೊಡ್ಡ ಮೋಸ ನೆರೀಡಿಡೇ ಕುಟುಂಬದ ಸಂತಾನಕಾಲದ್ದು: ಮೊಟ್ಟೆ ಬಿಡಲು ಮೇಲೀಜುವ ಹೊತ್ತಿಗೆ ಹುಳುವಿನ ಕಣ್ಣುಗಳು ಹಿಗ್ಗಿ, ಕಾಲುಗಳು ಅಗಲವಾಗಿ, ಕೂದಲು ದೋಣಿಯ ಹುಟ್ಟಿನಂತೆ ಚಪ್ಪಟೆಯಾಗಿ ಬೇರೆಯೇ ಪ್ರಾಣಿಯಾಗಿ ತೋರುತ್ತದೆ. 19ನೆಯ ಶತಮಾನದ ವಿದ್ವಾಂಸರು ಇಂಥವುಗಳಿಗೆ ಹೆಟೆರೋನೆರೀಸ್ ಎಂಬ ಪ್ರತ್ಯೇಕ ಕುಲವನ್ನೇ ಮಾಡಿದ್ದರು. ಆದ್ದರಿಂದ ಬೇರೆ ಬೇರೆ ಗಾತ್ರದ ಹಲವಾರು ಹುಳುಗಳು ಕೈಯಲ್ಲಿರಬೇಕು. ಒಂದೇ ಮಾದರಿಯಿಂದ ವಿವರಿಸುವುದನ್ನು ನಿಯಮ ತಡೆಯುವುದಿಲ್ಲ, ಆದರೆ ನಾನು ವಿದ್ಯಾರ್ಥಿಗಳಿಗೆ ಹಾಗೆ ಮಾಡಲು ಬಿಡುವುದಿಲ್ಲ.

ನಿಜಕ್ಕೂ ಹೊಸದೇ?

ಈಗ ಕೆಲಸದ ಅತಿ ಉದ್ದನೆಯ ಹಂತ ಶುರುವಾಗುತ್ತದೆ. ಆ ಕುಲದಲ್ಲಿ ಜಗತ್ತಿನಲ್ಲಿ ಎಲ್ಲಿಯೇ ಹೆಸರು ಪಡೆದ ಪ್ರಭೇದಗಳಿದ್ದರೂ ಅವೆಲ್ಲವುಗಳ ಪಟ್ಟಿ ಮಾಡಿ. ಇದಕ್ಕೆ ವರ್ಲ್ಡ್ ರಿಜಿಸ್ಟರ್ ಆಫ್ ಮರೀನ್ ಸ್ಪೀಷೀಸ್ ಎಂಬ ಅಂತರಜಾಲ ದಾಖಲೆ ಸಾಕು. ಹಳೆಯ ಹೆಸರು, ಬದಲಾದ ಹೆಸರು, ಮೂಲ ಪ್ರಕಟಣೆ ಎಲ್ಲವೂ ಅಲ್ಲಿ ಸಿಗುತ್ತವೆ. ಮೂಲ ಪ್ರಕಟಣೆಗಳಲ್ಲಿ ಹಳೆಯವು ಬಯೋಡೈವರ್ಸಿಟಿ ಹೆರಿಟೇಜ್ ಲೈಬ್ರರಿಯಲ್ಲಿ ಉಚಿತವಾಗಿ ತೆರೆದಿವೆ, ಹಾಗಾಗಿ ದೊಡ್ಡ ಗ್ರಂಥಾಲಯವಿಲ್ಲದ ಊರಿನವರಿಗೆ ಈಗ ನೆಪ ಉಳಿದಿಲ್ಲ. ಅವುಗಳನ್ನು ಓದಿಯೇ ತೀರಬೇಕು. 19ನೆಯ ಶತಮಾನದ ವಿದ್ವಾಂಸ ಕಿನ್‌ಬೆರ್ಗ್‌ನಂಥವರ ಲ್ಯಾಟಿನ್ ವಿವರಣೆ ಕೆಲವೊಮ್ಮೆ ಮೂರು ನಾಲ್ಕು ಸಾಲಿನದು. ಆದರೂ ಹೆಸರು ನಿಂತಿರುವುದು ಆ ಸಾಲುಗಳ ಮೇಲೆ ಮತ್ತು ಸಂಗ್ರಹಾಲಯದಲ್ಲಿರುವ ಮೂಲ ಮಾದರಿಯ, ಅಂದರೆ ಮೊದಲ ವಿವರಣೆಗೆ ಆಧಾರವಾದ ಹುಳುವಿನ ಮೇಲೆ.

ಭಾರತದಲ್ಲಿ ಈ ಹುಳುಗಳನ್ನು ಗುರುತಿಸುವವರು ದಶಕಗಳಿಂದ ಪಿಯೆರ್ ಫೋವೆಲ್ ಎಂಬ ಫ್ರೆಂಚ್ ವಿದ್ವಾಂಸರ 1953ರ ಗ್ರಂಥವನ್ನೇ ನೆಚ್ಚಿದ್ದಾರೆ. ಅದು ದೊಡ್ಡ ಕೆಲಸ, ಇಂದಿಗೂ ಕೈಗೆಟುಕುವಂತಿರಬೇಕು. ಆದರೆ ಆ ಕಾಲದ ವಿದ್ವಾಂಸರು ಯುರೋಪಿನ ಹೆಸರುಗಳನ್ನು ನಮ್ಮ ಕಡಲಿನ ಹುಳುಗಳಿಗೂ ಧಾರಾಳವಾಗಿ ಹಂಚಿದ್ದರು. ಮಾರ್ಫೈಸಾ ಸಾಂಗ್ವಿನಿಯಾ ಎಂಬುದರಲ್ಲಿ ‘ಸಾಂಗ್ವಿನಿಯಾ’ ಎಂಬುದು 1813ರಲ್ಲಿ ಮಾಂಟಗು ಎಂಬ ವಿದ್ವಾಂಸರು ಇಂಗ್ಲೆಂಡಿನ ದಕ್ಷಿಣ ಕರಾವಳಿಯ ಹುಳುವಿಗೆ ಕೊಟ್ಟ ಹೆಸರು. ಆಮೇಲೆ ಜಗತ್ತಿನ ಎಷ್ಟೋ ಕಡಲುಗಳಿಂದ, ಭಾರತದಿಂದಲೂ ಅದೇ ಹೆಸರು ವರದಿಯಾಯಿತು. 2003ರಲ್ಲಿ ಹಚಿಂಗ್ಸ್ ಮತ್ತು ಕರಗಿಯೊರ್ಗೊಪೌಲಸ್ ಆ ಹೆಸರಿಗೆ ಹೊಸದಾಗಿ ಆಧಾರ ಮಾದರಿಯೊಂದನ್ನು (ಹೆಸರು ಯಾವ ಹುಳುವಿನದೆಂದು ನಿಶ್ಚಯಿಸುವ ಮಾದರಿಯನ್ನು) ಗೊತ್ತುಪಡಿಸಿ, ಅದೇ ಬರಹದಲ್ಲಿ ಪೂರ್ವ ಆಸ್ಟ್ರೇಲಿಯಾದ ಹುಳುವನ್ನು ಬೇರೆ ಪ್ರಭೇದವಾಗಿ ವಿವರಿಸಿದರು. ನೇಪಲ್ಸ್‌ನಿಂದ ಹೆಸರು ಪಡೆದ ಪೆರಿನೆರೀಸ್ ಕಲ್ಟ್ರಿಫೆರಾ ಮತ್ತು ಡಯೋಪ್ಯಾಟ್ರಾ ನಿಯಾಪೊಲಿಟಾನಾಗಳೂ ನಮ್ಮ ಪಟ್ಟಿಗಳಲ್ಲಿ ಸಲೀಸಾಗಿ ಕುಳಿತಿವೆ. ಕಾರವಾರದ ದಂಡೆಯ ಹುಳುವಿಗೆ ಇಂಥ ಹೆಸರು ಹೊಂದಿಕೆಯಾಗುತ್ತದೆ ಎಂದು ಕಂಡಾಗ ಅನುಮಾನಪಡುವುದೇ ಸರಿಯಾದ ಆರಂಭ. ಹಾಗೆಯೇ, ಯುರೋಪಿನದಲ್ಲ ಎಂದ ಮಾತ್ರಕ್ಕೆ ಹೊಸದೂ ಆಗುವುದಿಲ್ಲ. ಯಾರೋ ಹಿಂದೆ ಕೊಟ್ಟು, ಇನ್ನಾರೋ ಬೇರೆ ಹೆಸರಿನಲ್ಲಿ ವಿಲೀನ ಮಾಡಿದ ಹಳೆಯ ಭಾರತೀಯ ಹೆಸರೊಂದು ಮತ್ತೆ ಎದ್ದು ಬರಲು ಕಾಯುತ್ತಿರಬಹುದು.

ಹತ್ತಿರದ ಪ್ರಭೇದಗಳನ್ನು ಅಡ್ಡಸಾಲಿನಲ್ಲೂ ಲಕ್ಷಣಗಳನ್ನು ಉದ್ದಸಾಲಿನಲ್ಲೂ ಇಟ್ಟು ಕೋಷ್ಟಕ ಮಾಡಿ. ಖಾಲಿ ಉಳಿಯುವ ಮನೆಗಳು ನೀವು ಯಾವ ಮೂಲ ಮಾದರಿಯನ್ನು ನೋಡಬೇಕು ಎಂಬುದನ್ನು ತೋರಿಸುತ್ತವೆ. ಇಂಡಿಯನ್ ಮ್ಯೂಸಿಯಂನ ಪ್ರಾಣಿ ಸಂಗ್ರಹದಿಂದ 1916ರಲ್ಲಿ ರೂಪುಗೊಂಡ ಭಾರತೀಯ ಪ್ರಾಣಿ ಸರ್ವೇಕ್ಷಣಾ ಸಂಸ್ಥೆಯ ಕೇಂದ್ರ ಕಚೇರಿ ಕೋಲ್ಕತ್ತಾದಲ್ಲಿದೆ. ಹಳೆಯ ಮಾದರಿಗಳಿಗಾಗಿ ಮೊದಲು ಬರೆಯಬೇಕಾದದ್ದು ಅಲ್ಲಿಗೆ. ಅಂಚೆಯಲ್ಲಿ ಕಳಿಸಲು ಒಪ್ಪದಿದ್ದರೆ ಚಿತ್ರ ಕೇಳಿ, ಇಲ್ಲವೇ ಹೋಗಿ ನೋಡಿ ಬನ್ನಿ.

ಡಿಎನ್‌ಎ ಇದಕ್ಕೆ ಒಳ್ಳೆಯ ಜೊತೆ. ಸಿಒಐ ವಂಶವಾಹಿಯ ಸುಮಾರು 650 ಅಕ್ಷರಗಳ ತುಂಡನ್ನು, ಸಾಧ್ಯವಾದರೆ 16ಎಸ್ ಎಂಬ ಇನ್ನೊಂದು ವಂಶವಾಹಿಯನ್ನೂ ಓದಿಸಿ, ಸಾರ್ವಜನಿಕ ಭಂಡಾರಗಳಲ್ಲಿರುವುದರೊಡನೆ ಹೋಲಿಸಿ. ಆದರೆ ಭಂಡಾರದಲ್ಲಿರುವ ಹೆಸರೇ ತಪ್ಪಾಗಿರಬಹುದು. ಯುರೋಪಿನ ಹೆಸರು ಹೊತ್ತ ಏಷ್ಯಾದ ಹುಳುಗಳು ಅಲ್ಲಿಯೂ ಇವೆ. ಹೋಲಿಕೆಗೆ ಆ ಹೆಸರಿನ ಮೂಲ ಸ್ಥಳದಿಂದ ಬಂದ ಹುಳುವಿನ ಓದು ಇದ್ದರೆ ಮಾತ್ರ ತೂಕ. ನನ್ನ ಮಟ್ಟಿಗೆ, ಗಾತ್ರದೊಡನೆ ಬದಲಾಗದ ಕನಿಷ್ಠ ಎರಡು ಲಕ್ಷಣಗಳು ಹಲವು ಹುಳುಗಳಲ್ಲಿ ತಪ್ಪದೆ ಕಂಡಾಗ ಮಾತ್ರ ಮುಂದಿನ ಹೆಜ್ಜೆ ಇಡುತ್ತೇನೆ. ಅಷ್ಟಿಲ್ಲದಿದ್ದರೆ ಕುಲದ ಹೆಸರಿಗೂ ಹತ್ತಿರದ ಪ್ರಭೇದದ ಹೆಸರಿಗೂ ನಡುವೆ ‘ಹೋಲಿಸಿ’ ಎಂಬರ್ಥದ ಸಿಎಫ್ ಸಂಕೇತ ಹಾಕಿ ಸೀಸೆಯನ್ನು ಕಪಾಟಿಗೆ ಸೇರಿಸುತ್ತೇನೆ. ಅದರಲ್ಲಿ ಅವಮಾನವೇನೂ ಇಲ್ಲ.

ವಿವರಣೆ ಬರೆಯುವುದು, ಹೆಸರಿಡುವುದು

ವಿವರಣೆಗೆ ಒಂದು ಕ್ರಮವಿದೆ: ಹೆಸರು, ಪರಿಶೀಲಿಸಿದ ಮಾದರಿಗಳು, ಬೇರ್ಪಡಿಸುವ ಲಕ್ಷಣಗಳ ಸಾರ, ತಲೆಯಿಂದ ಬಾಲದವರೆಗಿನ ಪೂರ್ಣ ವಿವರಣೆ, ಮಾದರಿಗಳ ನಡುವಿನ ವ್ಯತ್ಯಾಸ, ಹೆಸರಿನ ಅರ್ಥ, ನೆಲೆ, ಕೊನೆಗೆ ಇತರ ಪ್ರಭೇದಗಳೊಡನೆ ಹೋಲಿಕೆ. ಪೂರ್ಣ ವಿವರಣೆಯನ್ನು ಹೋಲೋಟೈಪ್ ಎಂದು ಆರಿಸಿದ ಒಂದೇ ಹುಳುವಿನಿಂದ ಬರೆಯಬೇಕು, ಹಲವು ಹುಳುಗಳನ್ನು ಬೆರೆಸಿ ಸರಾಸರಿ ಪ್ರಾಣಿಯೊಂದನ್ನು ಕಟ್ಟಬಾರದು. ವಾಕ್ಯಗಳಲ್ಲಿ ‘ಸಾಕಷ್ಟು ಉದ್ದ’, ‘ಹಲವು ಕಾಳು’ ಎಂಬಂಥ ಮಾತಿಗೆ ಜಾಗವಿಲ್ಲ. ‘ಅತಿ ಉದ್ದದ ಮೀಸೆ ಆರನೆಯ ಕೂದಲ ಖಂಡವನ್ನು ಮುಟ್ಟುತ್ತದೆ, ಒಂದನೆಯ ವಲಯದಲ್ಲಿ ಎರಡು ಶಂಕುವಿನಾಕಾರದ ಕಾಳುಗಳು, ಒಂದರ ಹಿಂದೊಂದು, ಐದನೆಯ ವಲಯ ಬರಿದು’ ಎಂಬ ಬಗೆಯಲ್ಲಿ, ಓದಿದವರು ಹುಳು ನೋಡದೆಯೂ ಚಿತ್ರ ಬಿಡಿಸುವಂತೆ ಬರೆಯಬೇಕು. ಇಲ್ಲದ್ದನ್ನೂ ‘ಇಲ್ಲ’ ಎಂದು ಬರೆಯಿರಿ. ಬರೆಯದೆ ಬಿಟ್ಟರೆ ನೀವು ನೋಡಿಲ್ಲವೋ ಅದು ಇಲ್ಲವೋ ಮುಂದಿನವರಿಗೆ ತಿಳಿಯದು.

ಹೆಸರಿನ ವಿಷಯದಲ್ಲಿ ಪ್ರಾಣಿನಾಮಕರಣದ ಅಂತರರಾಷ್ಟ್ರೀಯ ಸಂಹಿತೆಯ ನಾಲ್ಕನೆಯ ಆವೃತ್ತಿ 2000ದ ಜನವರಿ 1ರಿಂದ ಜಾರಿಯಲ್ಲಿದೆ. ಇದರಂತೆ ಹೆಸರು ಹೊಸದೆಂದು ಸ್ಪಷ್ಟವಾಗಿ ಹೇಳಿರಬೇಕು, ಆಧಾರ ಮಾದರಿಯನ್ನು ಗೊತ್ತುಪಡಿಸಿರಬೇಕು, ಅದು ಯಾವ ಸಂಗ್ರಹದಲ್ಲಿದೆ ಅಥವಾ ಇರಲಿದೆ ಎಂದು ತಿಳಿಸಿರಬೇಕು. ವಿಶೇಷಣ ರೂಪದ ಹೆಸರು ಕುಲದ ಲಿಂಗಕ್ಕೆ ಹೊಂದಬೇಕು: ನಮಾಲಿಕಾಸ್ಟಿಸ್ ಸ್ತ್ರೀಲಿಂಗವಾದ್ದರಿಂದ ‘ಇಂಡಿಕಾ’, ಕುಲ ಪುಲ್ಲಿಂಗವಾಗಿದ್ದರೆ ‘ಇಂಡಿಕಸ್’, ನಪುಂಸಕವಾಗಿದ್ದರೆ ‘ಇಂಡಿಕಂ’. ಸ್ಥಳದ ಹೆಸರಿಗೆ ‘ಎನ್ಸಿಸ್’ ಸೇರಿಸುವುದು ವಾಡಿಕೆ. ವ್ಯಕ್ತಿಯ ಹೆಸರಿಡುವಾಗ ಗಂಡಸಾದರೆ ಒಂದು ಪ್ರತ್ಯಯ, ಹೆಂಗಸಾದರೆ ಇನ್ನೊಂದು. ತನ್ನದೇ ಹೆಸರಿಟ್ಟುಕೊಳ್ಳುವುದನ್ನು ಸಂಹಿತೆ ತಡೆಯದಿದ್ದರೂ ಬಲ್ಲವರು ನಗುತ್ತಾರೆ. ಅದೇ ಕುಲದಲ್ಲಿ ಅದೇ ಹೆಸರು ಹಿಂದೆ ಬಳಕೆಯಾಗಿಲ್ಲವೆಂದು ಎರಡು ಸಲ ನೋಡಿ. ಪ್ರಭೇದದ ಹೆಸರಿನ ಜೊತೆ ಅದನ್ನು ವಿವರಿಸಿದವರ ಹೆಸರನ್ನೂ ವರ್ಷವನ್ನೂ ಬರೆಯುವಾಗ ಹಾಕುವ ಆವರಣದ ಅರ್ಥವೂ ತಿಳಿದಿರಲಿ: ಡೆಂಡ್ರೋನೆರೀಸ್ ಈಸ್ಟುವರೀನಾ ಸದರ್ನ್, 1921 ಎಂದು ಬರೆದರೆ ಸದರ್ನ್ ಅದನ್ನು ಆ ಕುಲದಲ್ಲೇ ವಿವರಿಸಿದ್ದರು ಎಂದರ್ಥ, ನಮಾಲಿಕಾಸ್ಟಿಸ್ ಇಂಡಿಕಾ (ಸದರ್ನ್, 1921) ಎಂದು ಆವರಣ ಹಾಕಿದರೆ, ಅವರು ಅದನ್ನು ಲೈಕಾಸ್ಟಿಸ್ ಎಂಬ ಬೇರೆ ಕುಲದಲ್ಲಿಟ್ಟಿದ್ದರು, ಆಮೇಲೆ ಅದು ಇಲ್ಲಿಗೆ ಬಂದಿದೆ ಎಂದರ್ಥ.

ಮಾದರಿ ಒಪ್ಪಿಸುವುದು ಮತ್ತು ಪ್ರಕಟಣೆ

ನಮ್ಮ ದೇಶದಲ್ಲಿ ಇದು ಬರೀ ಶಿಷ್ಟಾಚಾರದ ಮಾತಲ್ಲ. 2002ರ ಜೀವವೈವಿಧ್ಯ ಕಾಯ್ದೆಯ 39ನೆಯ ಕಲಮಿನ ಪ್ರಕಾರ ಹೊಸ ಪ್ರಭೇದ ಕಂಡವರು ಅದನ್ನು ಗೊತ್ತುಪಡಿಸಿದ ಭಂಡಾರಕ್ಕೆ ತಿಳಿಸಿ ಮಾದರಿಗಳನ್ನು ಅಲ್ಲಿ ಒಪ್ಪಿಸಬೇಕು. ಪ್ರಾಣಿ ಸರ್ವೇಕ್ಷಣಾ ಸಂಸ್ಥೆ ಅಂಥ ಭಂಡಾರ. ನೋಂದಣಿ ಸಂಖ್ಯೆ ಬಂದ ಮೇಲೆಯೇ ಲೇಖನ ಕಳಿಸಿ. ಹೋಲೋಟೈಪನ್ನು ಕಾಲೇಜಿನ ಕಪಾಟಿನಲ್ಲಿ ಇಟ್ಟುಕೊಳ್ಳುವ ಆಸೆ ಬೇಡ. ಪ್ಯಾರಾಟೈಪುಗಳನ್ನು, ಅಂದರೆ ಹೋಲೋಟೈಪಿನ ಜೊತೆಗೆ ವಿವರಣೆಗೆ ಬಳಸಿದ ಉಳಿದ ಹುಳುಗಳನ್ನು ಎರಡು ಮೂರು ಸಂಸ್ಥೆಗಳಿಗೆ ಹಂಚಿದರೆ ಒಂದು ಕಡೆ ಅನಾಹುತವಾದರೂ ಉಳಿದವು ಇರುತ್ತವೆ.

ವರ್ಗೀಕರಣ ಬಲ್ಲ ವಿಮರ್ಶಕರಿರುವ ಪತ್ರಿಕೆಗೇ ಕಳಿಸಿ. 2001ರಲ್ಲಿ ಶುರುವಾದ ಝೂಟಾಕ್ಸಾ, 2008ರ ಝೂಕೀಸ್ ಇಂಥವು. ಹಣ ಕಟ್ಟಿದರೆ ವಾರದಲ್ಲಿ ಅಚ್ಚು ಹಾಕುವ ಪತ್ರಿಕೆಗಳಿಂದ ದೂರವಿರಿ, ಏಕೆಂದರೆ ತಪ್ಪಾಗಿ ಕೊಟ್ಟ ಹೆಸರು ಕೂಡ ಪಟ್ಟಿಯಲ್ಲಿ ಉಳಿದು ಮುಂದಿನ ಪ್ರತಿಯೊಬ್ಬರೂ ಅದನ್ನು ಬಿಡಿಸುತ್ತ ಕೂರಬೇಕಾಗುತ್ತದೆ. ಬರೀ ಎಲೆಕ್ಟ್ರಾನಿಕ್ ರೂಪದಲ್ಲಿ ಬರುವ ಪತ್ರಿಕೆಯಾದರೆ ಸಂಹಿತೆಯ 2012ರ ತಿದ್ದುಪಡಿಯಂತೆ ಲೇಖನವನ್ನು ಝೂಬ್ಯಾಂಕ್ ಎಂಬ ಅಂತರಜಾಲ ನೋಂದಣಿಯಲ್ಲಿ ಮೊದಲೇ ನೋಂದಾಯಿಸಿ, ಆ ಗುರುತನ್ನು ಲೇಖನದೊಳಗೇ ಅಚ್ಚುಮಾಡಿಸಬೇಕು; ಇಲ್ಲದಿದ್ದರೆ ಹೆಸರು ಸಿಂಧುವಾಗುವುದಿಲ್ಲ.

ಕಾಲೇಜಿನಲ್ಲಿ ಉಳಿಯುವ ಸೀಸೆಗಳ ಬಗ್ಗೆ ಒಂದು ಮಾತು. ವಿಜಯಪುರ, ಬಾಗಲಕೋಟೆಗಳಲ್ಲಿ ಬೇಸಿಗೆ 40 ಡಿಗ್ರಿ ದಾಟುತ್ತದೆ, ರಜೆಯಲ್ಲಿ ಪ್ರಯೋಗಾಲಯದ ಕಿಟಕಿ ತೆರೆಯುವವರಿರುವುದಿಲ್ಲ, ಸಡಿಲ ಮುಚ್ಚಳದ ಸೀಸೆಗಳಲ್ಲಿ ಆಲ್ಕೋಹಾಲ್ ಆರಿ ಹುಳುಗಳು ಒಣಗಿದ ಮೆಂತ್ಯದ ಕಡ್ಡಿಯಂತಾಗುತ್ತವೆ. ಮಾರ್ಚ್ ಮುಗಿಯುವುದರೊಳಗೆ ಒಂದೊಂದು ಸೀಸೆಯನ್ನೂ ಎತ್ತಿ ನೋಡಿ, ಮಟ್ಟ ಇಳಿದಿದ್ದರೆ ತುಂಬಿಸಿ, ಮುಚ್ಚಳ ಬಿಗಿ ಮಾಡಿ, ತುಂಬಿಸಿದ ದಿನಾಂಕವನ್ನು ಪುಸ್ತಕದಲ್ಲಿ ಬರೆದಿಡಿ.